ಕೃತ್ತಿಕೆಯ ನೀಲಿ ನುಂಗಿದ ಫಿಲ್ಟರ್

ಹೊಸ ಸಾಮಾನು ಕೈಗೆ ಬಂದ ದಿನವೇ ಮೋಡ ಕವಿಯುತ್ತದೆ ಅನ್ನುವುದು ಆಕಾಶದ ಫೋಟೋ ತೆಗೆಯುವವರ ಹಳೇ ಗೋಳು. ನನಗೆ ಹಾಗಾಗಲಿಲ್ಲ. ಎರಡೇ ಬಣ್ಣದ ಬೆಳಕನ್ನು ಮಾತ್ರ ಒಳಗೆ ಬಿಡುವ ಡ್ಯುಯಲ್ ಬ್ಯಾಂಡ್ ಫಿಲ್ಟರ್ ಬಂದ ಸಂಜೆಯೇ ಆಕಾಶ ತೊಳೆದಿಟ್ಟ ಹಾಗಿತ್ತು. ಟೆಲಿಸ್ಕೋಪನ್ನು ತಾರಸಿಗೆ ಹೊತ್ತೆ. ಕ್ಯಾಮೆರಾದ ಮುಂದೆ ಫಿಲ್ಟರ್ ತಿರುಗಿಸಿ ಕೂರಿಸಿದೆ. ಮೇಲೇರುತ್ತಿದ್ದ ಕೃತ್ತಿಕೆಯನ್ನು ಹಿಡಿದೆ. ಎರಡು ಗಂಟೆ ಫೋಟೋ ತೆಗೆದು, ಎಲ್ಲವನ್ನೂ ಸ್ಟ್ಯಾಕ್ ಮಾಡಿ, ಅಂದರೆ ಒಂದರ ಮೇಲೊಂದು ಸೇರಿಸಿ ಒಂದೇ ಚಿತ್ರ ಮಾಡಿ ನೋಡಿದರೆ ಆರೇಳು ನಕ್ಷತ್ರ, ಒಂದೊಂದರ ಸುತ್ತಲೂ ಬಳೆಯಂಥ ಉಂಗುರ. ಅಷ್ಟೇ. ಕೃತ್ತಿಕೆಯ ಚಂದವೆಲ್ಲ ಇರುವುದು ಆ ನೀಲಿ ಹೊಗೆಯಲ್ಲಿ. ಅದೇ ಇಲ್ಲ!

ಹಿಂದಿನ ವರ್ಷ ಇದೇ ತಾರಸಿಯಿಂದ, ಯಾವ ಫಿಲ್ಟರೂ ಇಲ್ಲದೆ, ಒಂದೇ ಗಂಟೆಯಲ್ಲಿ ಆ ನೀಲಿ ಮಸುಕಾಗಿಯಾದರೂ ಬಂದಿತ್ತು. ಈಗ ಬೆಳಕಿನ ಮಾಲಿನ್ಯ ತಡೆಯುವ ಫಿಲ್ಟರ್ ಹಾಕಿದ ಮೇಲೆ ಇನ್ನೂ ಚೆನ್ನಾಗಿ ಬರಬೇಕಿತ್ತಲ್ಲ? ಮೊದಲು ಫೋಕಸ್ ತಪ್ಪಿದೆ ಅಂದುಕೊಂಡೆ. ಆಮೇಲೆ ಫಿಲ್ಟರನ್ನೇ ಉಲ್ಟಾ ಹಾಕಿದೆನೇನೋ ಅಂತ ಬಿಚ್ಚಿ ನೋಡಿದೆ. ತಪ್ಪು ಫಿಲ್ಟರ್‌ದಲ್ಲ. ಕೃತ್ತಿಕೆಯ ಕಡೆ ತಿರುಗಿಸಿದ ನನ್ನದು.

ಕೃತ್ತಿಕೆಯ ಆ ನೀಲಿ ಧೂಳಿನದು. ನಕ್ಷತ್ರಗಳು ಈಗ ಹಾದು ಹೋಗುತ್ತಿರುವ ದಾರಿಯಲ್ಲಿ ಒಂದು ಧೂಳಿನ ಮೋಡ ಸಿಕ್ಕಿದೆ. ಅದು ನಕ್ಷತ್ರದ ಬೆಳಕನ್ನೇ ಚದುರಿಸಿ ನಮ್ಮ ಕಡೆ ಕಳಿಸುತ್ತಿದೆ. ನಕ್ಷತ್ರದ ಬೆಳಕಿನಲ್ಲಿ ಎಲ್ಲ ಬಣ್ಣವೂ ಇರುತ್ತದೆ, ಹಾಗಾಗಿ ಈ ಧೂಳಿನ ಬೆಳಕಿನಲ್ಲೂ ಎಲ್ಲ ಬಣ್ಣ ಇದೆ, ನೀಲಿ ಸ್ವಲ್ಪ ಜಾಸ್ತಿ. ನನ್ನ ಫಿಲ್ಟರ್ ಬಿಡುವುದು ಮಾತ್ರ ಎರಡೇ ಎರಡು ಸೀಳು. ಒಂದು 656 ನ್ಯಾನೋಮೀಟರ್ ತರಂಗಾಂತರದ ಹತ್ತಿರದ ಕಡುಗೆಂಪು, ಇನ್ನೊಂದು 501ರ ಹತ್ತಿರದ ನೀಲಿ ಹಸಿರು. ಒಂದೊಂದು ಸೀಳಿನ ಅಗಲ 7 ನ್ಯಾನೋಮೀಟರ್. ಕಣ್ಣಿಗೆ ಕಾಣುವ ಬೆಳಕು 400ರಿಂದ 700ರವರೆಗೆ ಅಂತ ಇಟ್ಟುಕೊಂಡರೆ, 300ರಲ್ಲಿ 14 ಮಾತ್ರ ಒಳಗೆ ಬಿಟ್ಟು ಮಿಕ್ಕಿದ್ದನ್ನೆಲ್ಲ ಬಾಗಿಲಲ್ಲೇ ವಾಪಸ್ ಕಳಿಸುತ್ತದೆ. ನೂರಕ್ಕೆ ಐದೂ ಇಲ್ಲ. ಬೀದಿದೀಪದ ಬೆಳಕಿಗೂ ಅದೇ ಗತಿ, ಕೃತ್ತಿಕೆಯ ಬೆಳಕಿಗೂ ಅದೇ ಗತಿ. ಎರಡೂ ಒಂದೇ ಲೆಕ್ಕದಲ್ಲಿ ಇಳಿದರೆ ಲಾಭ ಏನು ಬಂತು?

ಆ ರಾತ್ರಿ ಇಷ್ಟೆಲ್ಲ ಹೊಳೆಯಲಿಲ್ಲ. ಸುಮ್ನೆ ಸಿಟ್ಟಿನಲ್ಲಿ, ಮಲಗುವ ಮುಂಚೆ ಇನ್ನೊಂದು ನೋಡಿಯೇ ಬಿಡೋಣ ಅಂತ, ಓರಿಯನ್ ಪಕ್ಕದ ರೋಸೆಟ್ ನೀಹಾರಿಕೆಗೆ ಟೆಲಿಸ್ಕೋಪ್ ತಿರುಗಿಸಿದೆ. ಐದು ನಿಮಿಷದ ಒಂದು ಎಕ್ಸ್‌ಪೋಷರ್. ಟೆಲಿಸ್ಕೋಪಿನ ಮೋಟರಿನ ಸಣ್ಣ ಸದ್ದು ಕೇಳುತ್ತಾ ಮೆಟ್ಟಿಲ ಮೇಲೆ ಕೂತಿದ್ದೆ. ಲ್ಯಾಪ್‌ಟಾಪ್ ಪರದೆ ಒಮ್ಮೆ ಮಿನುಗಿತು. ಮೊದಲು ಬರೀ ಕಪ್ಪು. ಮಸುಕಾದದ್ದನ್ನು ಎಳೆದು ಹೊಳಪು ಮಾಡುವ ಆಟೋ ಸ್ಟ್ರೆಚ್ ಒತ್ತಿದೆ. ಪರದೆ ತುಂಬಾ ಒಂದು ದೊಡ್ಡ ಕೆಂಪು ಹೂವು! ನಡುವೆ ಟೊಳ್ಳು, ಆ ಟೊಳ್ಳಿನಲ್ಲಿ ನಾಲ್ಕಾರು ನಕ್ಷತ್ರದ ಗುಂಪು, ಅಂಚಿನಲ್ಲಿ ಕಪ್ಪು ಧೂಳಿನ ಗೆರೆಗಳು ಇರುವೆ ಸಾಲು ಹೋದ ಹಾಗೆ. ಒಂದೇ ಫ್ರೇಮ್. ಸ್ಟ್ಯಾಕ್ ಇಲ್ಲ, ಏನಿಲ್ಲ. ಬೀದಿದೀಪ ತಾರಸಿಯ ಗೋಡೆ ಮೇಲೆ ನನ್ನ ನೆರಳು ಬೀಳಿಸುವಷ್ಟು ಉರಿಯುತ್ತಿದೆ, ಇಲ್ಲಿ ನೋಡಿದರೆ ಈ ಹೂವು. ಮಲಗುವ ಮಾತು ಅಲ್ಲಿಗೆ ಮುಗಿಯಿತು.

ರೋಸೆಟ್ ಧೂಳಲ್ಲ, ಅನಿಲ. ನಡುವೆ ಇರುವ ಎಳೆ ನಕ್ಷತ್ರಗಳ ಬಿಸಿಗೆ ಸುತ್ತಲಿನ ಹೈಡ್ರೋಜನ್ ತಾನೇ ಹೊಳೆಯುತ್ತದೆ. ಹೊಳೆಯುವುದೂ ತನಗೆ ಗೊತ್ತುಪಡಿಸಿದ ಕೆಲವೇ ಗೆರೆಗಳಲ್ಲಿ, ಅಂದರೆ ಕೆಲವೇ ಖಚಿತ ಬಣ್ಣಗಳಲ್ಲಿ. ಅವುಗಳಲ್ಲಿ ಜೋರಾದದ್ದು 656.3 ನ್ಯಾನೋಮೀಟರ್‌ನ ಎಚ್ ಆಲ್ಫಾ. ಅಷ್ಟೂ ಬೆಳಕು ನನ್ನ ಸೀಳಿನೊಳಗೆ ಆರಾಮಾಗಿ ಹಾಯುತ್ತದೆ. ಆಕಾಶದ ಹೊಳಪು ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯಿತು, ನೀಹಾರಿಕೆಯ ಹೊಳಪು ಹೆಚ್ಚು ಕಮ್ಮಿ ಇದ್ದ ಹಾಗೇ ಉಳಿಯಿತು. ಹೂವು ಅರಳಿದ್ದು ಹೀಗೆ.

ಅದಕ್ಕೇ ಈಗ ಯಾರಾದರೂ "ನಮ್ಮ ಆಕಾಶ ಬಹಳ ಕೆಟ್ಟದು, ಯಾವ ಫಿಲ್ಟರ್ ತಗೊಳ್ಳಲಿ" ಅಂತ ಕೇಳಿದರೆ ನಾನು ವಾಪಸ್ ಕೇಳುವುದು ಒಂದೇ. ಯಾವುದರ ಫೋಟೋ ತೆಗೀತೀರಿ? ಗ್ಯಾಲಕ್ಸಿ, ನಕ್ಷತ್ರ ಗುಚ್ಛ, ಕೃತ್ತಿಕೆಯಂಥ ಧೂಳು, ಎಂ 78 ಅನ್ನುವ ಧೂಳಿನ ನೀಹಾರಿಕೆ ಥರದ್ದು ಆದರೆ ಈ ಫಿಲ್ಟರ್ ಬೇಡವೇ ಬೇಡ. ಫಿಲ್ಟರ್ ಇಲ್ಲದೆ ಜಾಸ್ತಿ ಹೊತ್ತು ತೆಗೆಯಿರಿ, ಅಥವಾ ಗಾಡಿ ಹತ್ತಿ ಕತ್ತಲೆ ಇರುವ ಕಡೆ ಹೋಗಿ. ಹೊಳೆಯುವ ಅನಿಲದ ನೀಹಾರಿಕೆ ಆದರೆ ಇದಕ್ಕಿಂತ ಒಳ್ಳೆ ಖರ್ಚು ಬೇರೆ ಇಲ್ಲ. ರೋಸೆಟ್, ಲಗೂನ್, ನಾರ್ತ್ ಅಮೆರಿಕ, ವೇಲ್, ಡಂಬೆಲ್, ಹೆಲಿಕ್ಸ್, ಏಡಿ ನೀಹಾರಿಕೆ. ಇವೆಲ್ಲ ಇದರ ಗಿರಾಕಿಗಳು.

ಹಳೇ ಕಾಲದ ಲೈಟ್ ಪೊಲ್ಯೂಷನ್ ಫಿಲ್ಟರ್‌ಗಳ ಉಪಾಯ ಬೇರೆ ಇತ್ತು. ಆಗ ಬೀದಿಯಲ್ಲಿ ಸೋಡಿಯಂ ದೀಪ, ಪಾದರಸದ ದೀಪ. ಸೋಡಿಯಂನ ಹಳದಿ 589ರ ಸುತ್ತಮುತ್ತ, ಪಾದರಸದ್ದು 436, 546, 578. ಆ ಜಾಗಗಳನ್ನಷ್ಟೇ ಮುಚ್ಚಿ ಉಳಿದದ್ದನ್ನು ಬಿಟ್ಟರೆ ಸಾಕಿತ್ತು. ಗ್ಯಾಲಕ್ಸಿಗೂ ಒಂದಿಷ್ಟು ಉಪಯೋಗವಾಗುತ್ತಿತ್ತು. ಈಗ ಎಲ್ಲ ಕಡೆ ಬಿಳಿ ಎಲ್ಇಡಿ. 450ರ ಹತ್ತಿರ ಒಂದು ನೀಲಿ ಮೊನೆ, ಆಮೇಲೆ ಹಸಿರಿನಿಂದ ಕೆಂಪಿನವರೆಗೆ ಹಾಸಿ ಹರಡಿದ ಒಂದು ದಿಬ್ಬ. ಎಲ್ಲಿ ಅಂತ ಮುಚ್ಚುತ್ತೀರಿ? ಮುಚ್ಚುವುದನ್ನು ಬಿಟ್ಟು, ನಮಗೆ ಬೇಕಾದ ಎರಡು ಕಿಂಡಿ ಮಾತ್ರ ತೆರೆಯುವ ಈ ದಾರಿಯೇ ಈಗ ಉಳಿದಿರುವುದು. ಆ ಎರಡು ಕಿಂಡಿಯಲ್ಲೂ ಎಲ್ಇಡಿ ಬೆಳಕು ಒಂದಿಷ್ಟು ನುಸುಳುತ್ತದೆ ಅನ್ನುವುದು ಬೇರೆ ಮಾತು.

ಇನ್ನು ಎರಡನೇ ಕಿಂಡಿಯ ಕಥೆ. ನನಗೆ ಬಹಳ ಇಷ್ಟವಾದದ್ದು ಇದೇ.

1864ರಲ್ಲಿ ವಿಲಿಯಂ ಹಗಿನ್ಸ್ ಅನ್ನುವವರು ಬೆಕ್ಕಿನ ಕಣ್ಣು ಅನ್ನುವ ನೀಹಾರಿಕೆಯ ಬೆಳಕನ್ನು ಸ್ಪೆಕ್ಟ್ರೋಸ್ಕೋಪಿನಲ್ಲಿ ಒಡೆದು ನೋಡಿದರು. ನಕ್ಷತ್ರದ ಹಾಗೆ ಕಾಮನಬಿಲ್ಲು ಕಾಣಬಹುದು ಅಂತಿದ್ದರೆ, ಕಂಡದ್ದು ಬರೀ ಗೆರೆಗಳು. ಅದರಲ್ಲಿ ಜೋರಾದ ಒಂದು ಹಸಿರು ಗೆರೆ ಭೂಮಿಯ ಮೇಲಿನ ಯಾವ ಧಾತುವಿಗೂ ಹೊಂದಲಿಲ್ಲ. ಹೊಸ ಧಾತುವೇ ಇರಬೇಕು ಅಂತ ಅದಕ್ಕೆ ನೆಬ್ಯುಲಿಯಂ ಅನ್ನುವ ಹೆಸರು ಬಿತ್ತು. ಆ ಗೆರೆಯ ಒಗಟು ಅರವತ್ತು ವರ್ಷಕ್ಕೂ ಜಾಸ್ತಿ ಕಾಲ ಬಿಡಿಸಲಾಗದೆ ಉಳಿಯಿತು. 1927ರಲ್ಲಿ ಐರಾ ಬೋವೆನ್ ಲೆಕ್ಕ ಹಾಕಿ ತೋರಿಸಿದರು, ಅದು ನಮ್ಮ ಹಳೇ ಆಕ್ಸಿಜನ್ನೇ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್ ಪರಮಾಣು, ಯಾರೂ ಬಂದು ಡಿಕ್ಕಿ ಹೊಡೆಯದಷ್ಟು ಖಾಲಿ ಜಾಗದಲ್ಲಿ ಸಾವಕಾಶವಾಗಿ ಬಿಡುವ ಬೆಳಕು ಅದು. ನಾವು ಉಸಿರಾಡುವ ಗಾಳಿಯಲ್ಲಿ ಅಂಥ ಪುರುಸೊತ್ತು ಯಾವ ಪರಮಾಣುವಿಗೂ ಸಿಗುವುದಿಲ್ಲ. 500.7 ನ್ಯಾನೋಮೀಟರ್. ಓ ತ್ರೀ ಅಂತ ಎಲ್ಲರೂ ಕರೆಯುವುದು ಇದನ್ನೇ.

ಕತ್ತಲೆಗೆ ಹೊಂದಿಕೊಂಡ ನಮ್ಮ ಕಣ್ಣು ಚುರುಕಾಗಿರುವುದೂ ಸುಮಾರು ಇದೇ ಬಣ್ಣಕ್ಕೆ, 507ರ ಹತ್ತಿರ. 656ರ ಕೆಂಪು ಕತ್ತಲೆಯಲ್ಲಿ ಕಣ್ಣಿಗೆ ಇಲ್ಲವೇ ಇಲ್ಲ ಅನ್ನಬಹುದು. ಟೆಲಿಸ್ಕೋಪಿಗೆ ಕಣ್ಣಿಟ್ಟವರಿಗೆ ಓರಿಯನ್ ನೀಹಾರಿಕೆ ಬೂದಿ ಮಿಶ್ರಿತ ಹಸಿರಾಗಿ ಕಾಣುವುದು, ಕ್ಯಾಮೆರಾದಲ್ಲಿ ಕೆಂಪಾಗಿ ಬರುವುದು ಇದಕ್ಕೇ.

ಈ ಎರಡು ಬೆಳಕನ್ನೂ ಬಣ್ಣದ ಕ್ಯಾಮೆರಾ ಒಂದೇ ಹೊಡೆತಕ್ಕೆ ಬೇರೆ ಮಾಡುತ್ತದೆ. ಸೆನ್ಸರ್ ಮೇಲೆ ನಾಲ್ಕು ನಾಲ್ಕು ಪಿಕ್ಸೆಲ್‌ಗಳ ಕಟ್ಟು ಇರುತ್ತದೆ, ಒಂದು ಕೆಂಪು, ಎರಡು ಹಸಿರು, ಒಂದು ನೀಲಿ. ಎಚ್ ಆಲ್ಫಾ ಕೆಂಪು ಪಿಕ್ಸೆಲ್‌ಗೆ ಬೀಳುತ್ತದೆ. ಓ ತ್ರೀ ಹಸಿರು ಮತ್ತು ನೀಲಿಯ ಗಡಿಯಲ್ಲಿ ಇರುವುದರಿಂದ ಎರಡೂ ಹಂಚಿಕೊಳ್ಳುತ್ತವೆ. ಅಂದರೆ ನಾಲ್ಕರಲ್ಲಿ ಒಂದು ಪಿಕ್ಸೆಲ್ ಹೈಡ್ರೋಜನ್‌ಗೆ, ಮೂರು ಆಕ್ಸಿಜನ್‌ಗೆ. ಕಪ್ಪು ಬಿಳುಪು ಕ್ಯಾಮೆರಾ ಇರುವವರು ಎರಡು ಫಿಲ್ಟರ್ ಬದಲಿಸುತ್ತಾ ರಾತ್ರಿ ಹಂಚಿಕೊಳ್ಳಬೇಕು. ನಾವು ಬಣ್ಣದವರು ಒಂದೇ ರಾತ್ರಿಯಲ್ಲಿ ಎರಡನ್ನೂ ತುಂಬಿಸಿಕೊಳ್ಳುತ್ತೇವೆ. ನನ್ನದು 3.76 ಮೈಕ್ರಾನ್ ಪಿಕ್ಸೆಲ್‌ನ ಚೌಕದ ಸೆನ್ಸರ್, ಅದರ ಮುಂದೆ 60 ಮಿಲಿಮೀಟರ್‌ನ ಪುಟ್ಟ ಟೆಲಿಸ್ಕೋಪು, ಎಫ್ 6, ಅಂದರೆ ಫೋಕಸ್ ದೂರ ಲೆನ್ಸಿನ ಅಗಲದ ಆರು ಪಟ್ಟು. ದೊಡ್ಡದೇನಲ್ಲ.

ಮಾಮೂಲಿ ಡಿಎಸ್ಎಲ್ಆರ್ ಇರುವವರಿಗೆ ಒಂದು ಮಾತು. ಕ್ಯಾಮೆರಾ ಒಳಗೇ ಇರುವ ಗಾಜು ಎಚ್ ಆಲ್ಫಾದ ಬಹುಪಾಲನ್ನು ತಡೆದುಬಿಡುತ್ತದೆ. ಆ ಗಾಜು ಬದಲಿಸಿಲ್ಲದ ಕ್ಯಾಮೆರಾಗೆ ಈ ಫಿಲ್ಟರ್ ಹಾಕಿದರೆ ಕೆಂಪು ಬಹಳ ಬಡಕಲಾಗಿ ಬರುತ್ತದೆ. ಗೆಳೆಯನೊಬ್ಬ ಹೀಗೆ ಒಂದು ಚಳಿಗಾಲ ಪೂರ್ತಿ ಕಳೆದ.

ಎಕ್ಸ್‌ಪೋಷರ್ ವಿಷಯದಲ್ಲಿ ನಾನೂ ಎಡವಿದೆ. ಫಿಲ್ಟರ್ ಇಲ್ಲದಾಗ ಒಂದು ನಿಮಿಷಕ್ಕೇ ಆಕಾಶ ಬೆಳ್ಳಗಾಗುತ್ತಿತ್ತು. ಅದೇ ಅಭ್ಯಾಸದಲ್ಲಿ ಫಿಲ್ಟರ್ ಹಾಕಿಯೂ ಒಂದೊಂದು ನಿಮಿಷದ್ದು ತೆಗೆದೆ. ಚಿತ್ರದ ಕಪ್ಪು ಬಿಳುಪಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ಎಡಗಡೆಯ, ಕಪ್ಪಿನ ಗೋಡೆಗೆ ಅಂಟಿಕೊಂಡು ಕೂತಿತ್ತು. ಆಕಾಶವೇ ಕಪ್ಪಾದಾಗ ಮಸುಕಾದ ಭಾಗದಲ್ಲಿ ಕ್ಯಾಮೆರಾ ಓದುವಾಗ ಸೇರಿಸುವ ಗದ್ದಲದ್ದೇ (ನಾಯ್ಸ್) ಮೇಲುಗೈ. ಇನ್ನೂರು ಫ್ರೇಮ್ ಸೇರಿಸಿದರೂ ಕೆಳಗಿನ ಪದರ ಜೊಂಡು ಜೊಂಡಾಗಿ ಉಳಿಯಿತು. ಈಗ ಒಂದೊಂದು ಐದು ನಿಮಿಷ. ಅಷ್ಟು ಹೊತ್ತು ನಕ್ಷತ್ರ ಚುಕ್ಕೆಯಾಗೇ ಇರಬೇಕಾದರೆ ಗೈಡಿಂಗ್, ಅಂದರೆ ಒಂದು ನಕ್ಷತ್ರವನ್ನು ನೋಡುತ್ತಾ ಮೋಟರನ್ನು ತಿದ್ದುತ್ತಾ ಹೋಗುವ ಏರ್ಪಾಡು, ಬೇಕೇ ಬೇಕು. ಆಕಾಶದ ಜೊತೆ ಸುಮ್ನೆ ತಿರುಗುವ ಬರೀ ಟ್ರ್ಯಾಕರ್ ಇರುವವರು ಎರಡು ನಿಮಿಷಕ್ಕೆ ತೃಪ್ತಿಪಟ್ಟು ಒಟ್ಟು ಗಂಟೆ ಜಾಸ್ತಿ ಮಾಡಬೇಕು.

ಫೋಕಸ್ ಇನ್ನೊಂದು. ಎರಡು ಮಿಲಿಮೀಟರ್ ದಪ್ಪದ ಗಾಜು ದಾರಿಯಲ್ಲಿ ಬಂದರೆ ಫೋಕಸ್ ಅದರ ಮೂರನೇ ಒಂದು ಭಾಗದಷ್ಟು, ಅಂದರೆ ಮುಕ್ಕಾಲು ಮಿಲಿಮೀಟರ್‌ಗಿಂತ ಸ್ವಲ್ಪ ಕಮ್ಮಿ, ಹಿಂದೆ ಸರಿಯುತ್ತದೆ. ಫಿಲ್ಟರ್ ಹಾಕಿದ ಮೇಲೇ ಫೋಕಸ್ ಮಾಡಬೇಕು, ಮೊದಲೇ ಮಾಡಿಟ್ಟರೆ ಕೆಲಸಕ್ಕೆ ಬರುವುದಿಲ್ಲ. ಮಬ್ಬು ನಕ್ಷತ್ರ ಸಾಲದು, ಜೋರಾದದ್ದೊಂದನ್ನು ಹುಡುಕಿಕೊಂಡು ಹೋಗಬೇಕು. ಫೋಕಸ್ ನೋಡಲು ಟೆಲಿಸ್ಕೋಪಿನ ಬಾಯಿಗೆ ಇಡುವ ಸೀಳುಗಳ ಮುಚ್ಚಳ, ಬಾಹ್ಟಿನೋವ್ ಮಾಸ್ಕ್, ಹಾಕಿದಾಗ ಕಾಣುವ ಗೆರೆಗಳೂ ಈಗ ಬೇರೆ ಥರ. ಉದ್ದನೆಯ ಬಿಳಿ ಗೆರೆಯ ಬದಲು ಕೆಂಪು ಒಂದು ತುಂಡು, ನೀಲಿ ಹಸಿರು ಒಂದು ತುಂಡು. ನನ್ನ ಟೆಲಿಸ್ಕೋಪಿನಲ್ಲಿ ಕೆಂಪು ಸರಿಯಾಗಿ ನಡುವೆ ಕೂತಾಗ ನೀಲಿ ಹಸಿರು ಕೂದಲೆಳೆಯಷ್ಟು ಪಕ್ಕಕ್ಕೆ ನಿಲ್ಲುತ್ತದೆ. ಲೆನ್ಸಿನ ಬಣ್ಣದ ತಪ್ಪು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಲ್ಲ. ನಾನು ಎರಡರ ಮಧ್ಯೆ ರಾಜಿ ಮಾಡಿಸಿ ಬಿಡುತ್ತೇನೆ.

ಆಮೇಲೆ ಆ ಉಂಗುರಗಳು. ಕೃತ್ತಿಕೆಯಲ್ಲಿ ಕಂಡ ಬಳೆಗಳನ್ನು ಮೊದಲ ರಾತ್ರಿ ಅಷ್ಟಾಗಿ ಹಚ್ಚಿಕೊಂಡಿರಲಿಲ್ಲ. ಮುಂದಿನ ಸೀಸನ್‌ನಲ್ಲಿ ವೇಲ್ ನೀಹಾರಿಕೆಯ ಪಶ್ಚಿಮದ ತುಂಡು ತೆಗೆದೆ. ಅದರ ಮೇಲೇ 52 ಸಿಗ್ನಿ ಅನ್ನುವ ನಕ್ಷತ್ರ ಕೂತಿದೆ. ನಿಜಕ್ಕೂ ಅದು ನೀಹಾರಿಕೆಗಿಂತ ಎಷ್ಟೋ ಹತ್ತಿರ, ಸುಮ್ನೆ ಅಡ್ಡ ಬಂದಿರುವುದು. ಅದರ ಸುತ್ತ ತಟ್ಟೆಯಿಟ್ಟ ಹಾಗೆ ಒಂದು ನೀಲಿ ವೃತ್ತ, ನೀಹಾರಿಕೆಯ ಎಳೆಗಳ ಮೇಲೇ. ಇದನ್ನು ಅಳಿಸೋಕೆ ಹೋದರೆ ಎಳೆಯೂ ಅಳಿಯುತ್ತದೆ.

ಸಾಮಾನ್ಯವಾಗಿ ಇಂಥ ವೃತ್ತ ಹುಟ್ಟುವುದು ಎರಡು ಹೊಳಪಿನ ಮುಖಗಳ ನಡುವೆ ಬೆಳಕು ಪುಟಿದಾಗ. ಆ ಮುಖಗಳು ಯಾವುವು? ಫಿಲ್ಟರ್ ಮತ್ತು ಸೆನ್ಸರ್ ಮುಂದಿನ ಗಾಜಾ, ಅಥವಾ ಫಿಲ್ಟರ್‌ನ ಎರಡು ಬದಿಯೇನಾ? ಅಳತೆ ಮಾಡಿದರೆ ಗೊತ್ತಾಗುತ್ತದೆ. ವೃತ್ತದ ಅಡ್ಡಳತೆ 120 ಪಿಕ್ಸೆಲ್ ಬಂತು. 3.76 ಮೈಕ್ರಾನ್‌ನಿಂದ ಗುಣಿಸಿದರೆ ಸುಮಾರು 0.45 ಮಿಲಿಮೀಟರ್. ನನ್ನದು ಎಫ್ 6, ಹಾಗಾಗಿ ಅಷ್ಟು ಹರಡಲು ಬೆಳಕು 2.7 ಮಿಲಿಮೀಟರ್ ಹೆಚ್ಚಿಗೆ ನಡೆದಿರಬೇಕು. ಹೋಗಿ ಬರುವುದು ಅಂದರೆ ಅದರ ಅರ್ಧ, 1.35. ಗಾಜಿನೊಳಗೆ ಆದರೆ ಗಾಜಿನ ವಕ್ರೀಭವನಾಂಕ 1.5ರಿಂದ ಗುಣಿಸಬೇಕು. ಎರಡು ಮಿಲಿಮೀಟರ್! ಫಿಲ್ಟರ್ ದಪ್ಪಕ್ಕೆ ಸರಿಯಾಗಿ ಹೊಂದಿತು. ಕಳ್ಳ ಫಿಲ್ಟರ್ ಒಳಗೇ ಇದ್ದ. ಸೆನ್ಸರ್ ಮುಂದಿನ ಗಾಜು ಕಾರಣವಾಗಿದ್ದರೆ ವೃತ್ತ ಇದರ ಎಷ್ಟೋ ಪಟ್ಟು ದೊಡ್ಡದಾಗಿ, ಮಸುಕಾಗಿ ಹರಡಿರುತ್ತಿತ್ತು. ಆಗ ಫಿಲ್ಟರ್ ಜಾಗ ಬದಲಿಸಿ ನೋಡಬಹುದಿತ್ತು. ಈಗ ಅದಕ್ಕೆ ಅರ್ಥವಿಲ್ಲ. ಈ ಲೆಕ್ಕವನ್ನು ಚಿತ್ರದ ಸಮೇತ ಮಾರಿದವರಿಗೆ ಬರೆದೆ. ವಾದ ಮಾಡದೆ ಬೇರೆ ಕೊಟ್ಟರು. ಹೊಸದರಲ್ಲಿ ಉಂಗುರ ಪೂರ್ತಿ ಹೋಗಿಲ್ಲ, ಹುಡುಕಿದರೆ ಮಾತ್ರ ಕಾಣುತ್ತದೆ. ಹಾಗಾಗಿ ಫಿಲ್ಟರ್ ಕೊಂಡ ಮೊದಲ ರಾತ್ರಿಯೇ ಜೋರು ನಕ್ಷತ್ರ ಒಂದನ್ನು ಹಿಡಿದು ನೋಡಿ. ಬದಲಿಸುವ ಗಡುವು ಮುಗಿದ ಮೇಲೆ ಅಳತೆ ಪಟ್ಟಿ ಹಿಡಿದು ಏನು ಉಪಯೋಗ?

ಹಳೇ ಫಿಲ್ಟರ್ ವಾಪಸ್ ಕಳಿಸುವಾಗ ಅದು ರಿಂಗಿಗೆ ಕಚ್ಚಿಕೊಂಡು ಬಿಡಲೇ ಇಲ್ಲ. ಜೋರಾಗಿ ಹಿಂಡಿದಷ್ಟೂ ರಿಂಗ್ ಅಂಡಾಕಾರವಾಗಿ ಇನ್ನೂ ಬಿಗಿಯಾಗುತ್ತದೆ. ಕೊನೆಗೆ ಅಗಲದ ರಬ್ಬರ್ ಬ್ಯಾಂಡ್ ಸುತ್ತಿ, ಬೆರಳುಗಳನ್ನು ಸುತ್ತಲೂ ಸಮವಾಗಿ ಇಟ್ಟು ಮೆಲ್ಲಗೆ ತಿರುಗಿಸಿದೆ, ಬಂತು. ಅಂದಿನಿಂದ ಕೂರಿಸಿದ ಮೇಲೆ ಒಂದು ಕೂದಲಷ್ಟು ಹಿಂದಕ್ಕೆ ತಿರುಗಿಸಿಯೇ ಬಿಡುತ್ತೇನೆ.

ಫ್ಲಾಟ್ಸ್, ಅಂದರೆ ಧೂಳಿನ ಕಲೆ ಮತ್ತು ಅಂಚಿನ ಮಬ್ಬನ್ನು ಕಳೆಯಲು ಸಮವಾದ ಬೆಳಕಿಗೆ ಹಿಡಿದು ತೆಗೆಯುವ ಚಿತ್ರಗಳ ಬಗ್ಗೆ ಜಾಸ್ತಿ ಹೇಳಲ್ಲ. ಫಿಲ್ಟರ್ ಹಾಕಿಯೇ ತೆಗೆಯಬೇಕು, ಕ್ಯಾಮೆರಾ ತಿರುಗಿಸಬಾರದು. ಒಮ್ಮೆ ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ಫಿಲ್ಟರ್ ಬಿಚ್ಚಿಟ್ಟ ಮೇಲೆ ತೆಗೆದೆ. ಫಿಲ್ಟರ್ ಮೇಲಿನ ಒಂದು ಧೂಳಿನ ಕಣ ದೊಡ್ಡ ಉದ್ದಿನವಡೆಯ ಆಕಾರದಲ್ಲಿ ಚಿತ್ರದಲ್ಲಿ ಹಾಗೇ ಉಳಿಯಿತು.

ಚಂದ್ರನಿರುವಾಗಲೂ ತೆಗೆಯಬಹುದಾ ಅಂದರೆ, ಹೌದು ಮತ್ತು ಇಲ್ಲ. ಚಂದ್ರನ ಬೆಳಕು ಗಾಳಿಯಲ್ಲಿ ಚದುರುವಾಗ ಕೆಂಪಿಗಿಂತ ನೀಲಿ ಕಡೆಯದೇ ಜಾಸ್ತಿ ಚದುರುತ್ತದೆ. ಹಾಗಾಗಿ ಎಚ್ ಆಲ್ಫಾಗೆ ಅಷ್ಟು ಪೆಟ್ಟು ಬೀಳುವುದಿಲ್ಲ, ಓ ತ್ರೀಗೆ ಬೀಳುತ್ತದೆ. ಮುಕ್ಕಾಲು ಚಂದ್ರನಿದ್ದ ರಾತ್ರಿ ತೆಗೆದ ನನ್ನ ರೋಸೆಟ್‌ನಲ್ಲಿ ಕೆಂಪು ನುಣ್ಣಗೆ ಬಂದಿದೆ, ನಡುವಿನ ನೀಲಿ ಮರಳು ಎರಚಿದ ಹಾಗಿದೆ. ಈಗ ಚಂದ್ರನಿದ್ದರೆ ಹೈಡ್ರೋಜನ್ನೇ ಪ್ರಧಾನವಾದದ್ದನ್ನು ತೆಗೆಯುತ್ತೇನೆ. ವೇಲ್, ಡಂಬೆಲ್ ಥರದ ಆಕ್ಸಿಜನ್ ಗಿರಾಕಿಗಳನ್ನು ಅಮಾವಾಸ್ಯೆಯ ಆಚೀಚೆಗೆ ಇಡುತ್ತೇನೆ.

ರೋಸೆಟ್‌ನ ನಡುವೆ ಮಾತ್ರ ಯಾಕೆ ನೀಲಿ, ಸುತ್ತ ಯಾಕೆ ಕೆಂಪು ಅಂತ ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಹೈಡ್ರೋಜನ್‌ನಿಂದ ಎಲೆಕ್ಟ್ರಾನ್ ಕೀಳಲು 13.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. ಆಕ್ಸಿಜನ್‌ನಿಂದ ಎರಡನೆಯದನ್ನು ಕೀಳಲು 35 ಬೇಕು. ಅಷ್ಟು ಜೋರಿನ ಕಿರಣ ಬಿಸಿ ನಕ್ಷತ್ರಗಳ ಹತ್ತಿರದಲ್ಲೇ ಖರ್ಚಾಗಿ ಹೋಗುತ್ತದೆ. ಹೊರಗಡೆಗೆ ತಲುಪುವುದು ಹೈಡ್ರೋಜನ್‌ಗೆ ಸಾಕಾಗುವಷ್ಟು ಮಾತ್ರ. ಇದು ಗೊತ್ತಾದ ಮೇಲೆ ಆ ನೀಲಿ ಬರೀ ಬಣ್ಣವಾಗಿ ಕಾಣುವುದಿಲ್ಲ, ಎಲ್ಲಿ ಎಷ್ಟು ಕಾವು ಅಂತ ಬರೆದಿಟ್ಟ ನಕ್ಷೆಯ ಹಾಗೆ ಕಾಣುತ್ತದೆ. ಅದಕ್ಕೇ ಎರಡನ್ನೂ ಬೇರೆ ಮಾಡುವುದು ನನಗೆ ಬಹಳ ಮುಖ್ಯ.

ಬೇರೆ ಮಾಡುವುದು ಕಷ್ಟವೇನಲ್ಲ. ಸಿರಿಲ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಇದಕ್ಕೆಂದೇ ಸ್ಕ್ರಿಪ್ಟ್ ಇದೆ. ಅದು ಕೆಂಪು ಪಿಕ್ಸೆಲ್‌ಗಳನ್ನು ಹೆಕ್ಕಿ ಒಂದು ಕಪ್ಪು ಬಿಳುಪು ಚಿತ್ರ ಮಾಡುತ್ತದೆ, ಹಸಿರು ನೀಲಿ ಸೇರಿಸಿ ಇನ್ನೊಂದು. ಎರಡನ್ನೂ ಬೇರೆ ಬೇರೆಯಾಗಿ ಸ್ಟ್ರೆಚ್ ಮಾಡುತ್ತೇನೆ, ಯಾಕೆಂದರೆ ಆಕ್ಸಿಜನ್ ಹೆಚ್ಚಾಗಿ ಬಡಪಾಯಿ, ಅದನ್ನು ಜಾಸ್ತಿ ಎಳೆಯಬೇಕು. ಆಮೇಲೆ ಹೈಡ್ರೋಜನ್ನನ್ನು ಕೆಂಪಿಗೆ, ಆಕ್ಸಿಜನ್ನನ್ನು ಹಸಿರು ನೀಲಿ ಎರಡಕ್ಕೂ ಹಾಕಿದರೆ ಬಣ್ಣದ ಚಿತ್ರ. ಎಚ್ಓಓ ಅನ್ನುತ್ತಾರೆ. ವೇಲ್ ನೀಹಾರಿಕೆಯನ್ನು ಹೀಗೆ ಮಾಡಿದ ರಾತ್ರಿ ನೋಡಬೇಕಿತ್ತು. 1784ರಲ್ಲಿ ವಿಲಿಯಂ ಹರ್ಷೆಲ್ ಕಂಡಾಗ ಬರೀ ಮಸುಕು ಎಳೆಯಾಗಿದ್ದದ್ದು ನನ್ನ ಪರದೆ ಮೇಲೆ ಎರಡು ಬಣ್ಣದ ನೂಲಿನಿಂದ ಹೊಸೆದ ಹಗ್ಗದ ಹಾಗಿತ್ತು. ಸಿಡಿದು ಹೋದ ನಕ್ಷತ್ರದ ಅಲೆ ಮುಂದೆ ನುಗ್ಗುತ್ತಾ ಇದೆ, ಕೆಂಪು ಎಳೆ ಒಂದು ಕಡೆ, ನೀಲಿ ಎಳೆ ಅದರ ಪಕ್ಕದಲ್ಲೇ, ಒಂದರ ಮೇಲೊಂದು ಬೀಳದೆ.

ಆ ಚಿತ್ರ ತೋರಿಸಿದಾಗ ಅಕ್ಕನ ಮಗಳು ಕೇಳಿದಳು, "ಮಾಮ, ಇದು ನಿಜವಾದ ಬಣ್ಣಾನಾ?"

"ಹೌದು" ಅಂದೆ. ಆಮೇಲೆ ಸುಳ್ಳು ಹೇಳಿದ ಹಾಗನಿಸಿತು. ಕೆಂಪು ಇರುವ ಕಡೆ ಕೆಂಪು ಬೆಳಕೇ ಇದೆ, ನೀಲಿ ಹಸಿರು ಇರುವ ಕಡೆ ಅದೇ ಇದೆ. ಅಲ್ಲಿಯವರೆಗೆ ನಿಜ. ಆದರೆ ಎರಡರ ತೂಕ ನಾನು ಹಾಕಿದ್ದು. ಫಿಲ್ಟರ್ ಇಲ್ಲದೆ, ಒಳ್ಳೆ ಕತ್ತಲೆಯಲ್ಲಿ ತೆಗೆದರೆ ರೋಸೆಟ್ ಕಡುಗೆಂಪಾಗಿ ಬರುವುದಿಲ್ಲ, ಗುಲಾಬಿ ಆಗಿರುತ್ತದೆ. ಹೈಡ್ರೋಜನ್ 656ರಲ್ಲಿ ಮಾತ್ರ ಅಲ್ಲ, 486ರಲ್ಲೂ ಹೊಳೆಯುತ್ತದೆ, ಎಚ್ ಬೀಟಾ ಅಂತ. ಕೆಂಪಿಗೆ ಆ ನೀಲಿ ಸೇರಿ ಗುಲಾಬಿ. ನನ್ನ ಫಿಲ್ಟರ್‌ನ ಕಿಂಡಿಯಲ್ಲಿ ಎಚ್ ಬೀಟಾಗೆ ಜಾಗ ಇಲ್ಲ. ಸ್ವಲ್ಪ ಅಗಲದ ಕಿಂಡಿ ಇರುವ ಕೆಲವು ಫಿಲ್ಟರ್‌ಗಳಲ್ಲಿ ಅದಕ್ಕೂ ಜಾಗ ಇರುತ್ತದೆ. ಇಷ್ಟನ್ನು ಅವಳಿಗೆ ಹೇಳಿದೆ. "ಹಾಗಾದ್ರೆ ಗುಲಾಬಿ ಬಣ್ಣ ನೀವೇ ಕತ್ತರಿಸಿ ಹಾಕಿದ್ರಾ?" ಅಂದಳು. ಹೌದಮ್ಮ.

ನಕ್ಷತ್ರಗಳ ಬಣ್ಣವೂ ಹೀಗೇ ಹಾಳಾಗುತ್ತದೆ. ಹಳದಿ, ಕಿತ್ತಳೆ ಎಲ್ಲ ಹೋಗಿ, ಎಲ್ಲವೂ ಒಂದೇ ಥರ ಪೇಲವ. ಅದಕ್ಕೆ ಒಂದು ಉಪಾಯ ಇದೆ. ಫಿಲ್ಟರ್ ತೆಗೆದು, ಅದೇ ಜಾಗದ್ದು ಅರ್ಧ ಗಂಟೆ ಸಣ್ಣ ಸಣ್ಣ ಎಕ್ಸ್‌ಪೋಷರ್‌ಗಳಲ್ಲಿ ನಕ್ಷತ್ರಕ್ಕೆಂದೇ ತೆಗೆದುಕೊಳ್ಳುವುದು. ಸ್ಟಾರ್‌ನೆಟ್ ಥರದ ಸಾಫ್ಟ್‌ವೇರ್‌ನಿಂದ ನೀಹಾರಿಕೆಯ ಚಿತ್ರದಿಂದ ನಕ್ಷತ್ರ ತೆಗೆದು, ಇದರ ನಕ್ಷತ್ರಗಳನ್ನು ಅಲ್ಲಿ ಕೂರಿಸುವುದು. ಸೋಮಾರಿತನದಲ್ಲಿ ನಾನು ಎಷ್ಟೋ ಸಲ ಮಾಡುವುದಿಲ್ಲ. ಮಾಡಿದಾಗಲೆಲ್ಲ ಚಿತ್ರ ಗೆದ್ದಿದೆ.

ಇನ್ನು 7 ಸಾಕಾ, 3 ನ್ಯಾನೋಮೀಟರ್‌ದೇ ಬೇಕಾ ಅನ್ನುವ ಪ್ರಶ್ನೆ. ಕಿಂಡಿ ಸಣ್ಣದಾದಷ್ಟೂ ಆಕಾಶ ಕಪ್ಪು, ಬೆಲೆ ಜಾಸ್ತಿ. ಆದರೆ ಎಫ್ 2ರಂಥ ವೇಗದ ಲೆನ್ಸ್ ಇದ್ದರೆ ಹುಷಾರು. ಓರೆಯಾಗಿ ಬರುವ ಕಿರಣಕ್ಕೆ ಫಿಲ್ಟರ್‌ನ ಕಿಂಡಿ ನೀಲಿಯ ಕಡೆ ಸರಿಯುತ್ತದೆ. ಅಂಚಿನ ಕಿರಣಗಳಿಗೆ ಅದು ಕೆಲವು ನ್ಯಾನೋಮೀಟರ್ ಆಗಬಹುದು, ಅಂದರೆ 3ರ ಕಿಂಡಿಯಲ್ಲಿ ಎಚ್ ಆಲ್ಫಾ ಹೊರಗೇ ನಿಂತುಬಿಡುತ್ತದೆ. ವೇಗದ ಲೆನ್ಸಿಗೆಂದೇ ಸರಿಸಿ ಮಾಡಿದ ಫಿಲ್ಟರ್‌ಗಳು ಸಿಗುತ್ತವೆ, ಅವನ್ನೇ ತಗೊಳ್ಳಬೇಕು. ಎಫ್ 6ಕ್ಕೆ ಈ ತಲೆನೋವು ಇಲ್ಲ. ನನಗೆ 7 ಸಾಕಾಗಿದೆ, ಉಳಿದ ದುಡ್ಡಿಗೆ ಇಬ್ಬನಿ ತಡೆಯುವ ಹೀಟರ್ ಪಟ್ಟಿ ಬಂತು. ಬೆಳಗಿನ ಜಾವದ ಎರಡು ಗಂಟೆಯ ಫ್ರೇಮ್‌ಗಳು ಈಗ ಮಬ್ಬಾಗುತ್ತಿಲ್ಲ.

ಈ ತಿಂಗಳು ಡಂಬೆಲ್ ಹಿಡಿದಿದ್ದೇನೆ. ನಡುವಿನ ಹೊಳಪು ಭಾಗ ಎಲ್ಲರಿಗೂ ಬರುತ್ತದೆ. ಅದರ ಹೊರಗೆ ಬಹಳ ಮಸುಕಾದ ಒಂದು ಪದರ ಇದೆ, ನನಗೆ ಬೇಕಿರುವುದು ಅದು. ಒಂಬತ್ತು ಗಂಟೆಯ ಚಿತ್ರ ಸೇರಿದೆ. ಆಕ್ಸಿಜನ್ ಚಿತ್ರವನ್ನು ಪೂರ್ತಿ ಎಳೆದು, ಕೋಣೆಯ ದೀಪ ಆರಿಸಿ, ಪರದೆಯಿಂದ ಸ್ವಲ್ಪ ದೂರ ನಿಂತರೆ ಬಲಗಡೆ ಏನೋ ಇದೆ ಅನ್ನಿಸುತ್ತದೆ. ಹತ್ತಿರ ಹೋದರೆ ಇಲ್ಲ. ಗದ್ದಲ ಅರ್ಧಕ್ಕಿಳಿಯಬೇಕಾದರೆ ನಾಲ್ಕು ಪಟ್ಟು ಹೊತ್ತು ಬೇಕು, ಅಂದರೆ ಇನ್ನೂ ಇಪ್ಪತ್ತೇಳು ಗಂಟೆ. ಇವತ್ತು ಚಂದ್ರ ಹನ್ನೊಂದೂವರೆಗೆ ಮುಳುಗುತ್ತಾನೆ. ಕ್ಯಾಮೆರಾ ತಣ್ಣಗಾಗಲು ಹಾಕಿ ಬಂದು ಇದನ್ನು ಬರೆಯುತ್ತಾ ಕೂತಿದ್ದೇನೆ.